ಅಪ್‌ಗ್ರೇಡ್ ನಂತರ ಬೂಟ್ ಆಗದ ಲಿನಕ್ಸ್: ನನ್ನ ಅನುಭವ

ಅಪ್‌ಗ್ರೇಡ್ ಮುಗಿದು ರೀಸ್ಟಾರ್ಟ್ ಆದ ಕೂಡಲೇ ಕಪ್ಪು ಪರದೆ ಮೇಲೆ ‘ಕರ್ನಲ್ ಪ್ಯಾನಿಕ್’ (ಲಿನಕ್ಸ್‌ನ ತಿರುಳಾದ ಕರ್ನಲ್ ಮುಂದುವರಿಯಲಾಗದೆ ನಿಂತಿದೆ ಎಂಬ ಸಂದೇಶ) ಅಂತ ಬಂದು ನಿಂತುಬಿಟ್ಟಿತು. ರೂಟ್ ಫೈಲ್ ಸಿಸ್ಟಮ್ (ಲಿನಕ್ಸ್ ಇರುವ ಡಿಸ್ಕ್ ಭಾಗ) ಮೌಂಟ್ ಆಗುತ್ತಿಲ್ಲ, ಅಂದರೆ ತೆರೆದುಕೊಳ್ಳುತ್ತಿಲ್ಲ ಎಂಬ ದೂರು ಬೇರೆ. ಇಂಥ ಹೊತ್ತಲ್ಲಿ ಸುಮ್ನೆ ಫಾರ್ಮ್ಯಾಟ್ ಮಾಡಬೇಡಿ, ದಯವಿಟ್ಟು.

ಆನ್ ಮಾಡುವಾಗ ಎಸ್ಕೇಪ್ ಕೀ ಒತ್ತಿ ಗ್ರಬ್ ಮೆನು (ಯಾವುದರಿಂದ ಬೂಟ್ ಆಗಬೇಕೆಂದು ಆರಿಸುವ ಪಟ್ಟಿ) ತೆರೆದೆ. ಅಡ್ವಾನ್ಸ್ಡ್ ಆಪ್ಷನ್ಸ್‌ನಲ್ಲಿ ಹಳೆಯ ಕರ್ನಲ್ ಇನ್ನೂ ಇತ್ತು. ಅದರಿಂದ ಸಲೀಸಾಗಿ ಬೂಟ್ ಆಯಿತು, ಫೈಲುಗಳೆಲ್ಲ ಇದ್ದಲ್ಲೇ ಇದ್ದವು.

ಟರ್ಮಿನಲ್‌ನಲ್ಲಿ ಡಿಸ್ಕ್ ಜಾಗ ಎಷ್ಟಿದೆ ಎಂದು ತೋರಿಸುವ ‘ಡಿಎಫ್’ ಕಮಾಂಡ್ ಕೊಟ್ಟಾಗ ಕಾರಣ ಸಿಕ್ಕಿತು: ಕರ್ನಲ್ ಫೈಲುಗಳಿರುವ ಬೂಟ್ ಪಾರ್ಟಿಷನ್ 100% ತುಂಬಿತ್ತು. ಹೊಸ ಕರ್ನಲ್‌ಗೆ ಬೂಟ್ ಶುರುವಿನಲ್ಲಿ ಬೇಕಾದ ಇನಿಟ್‌ರಾಮ್‌ಎಫ್‌ಎಸ್ ಫೈಲ್ ತಯಾರಾಗಲು ಜಾಗವೇ ಇರಲಿಲ್ಲ. ಡಿಸ್ಕ್ ಓದಲು ಬೇಕಾದ ಡ್ರೈವರ್‌ಗಳು ಸಾಮಾನ್ಯವಾಗಿ ಇರುವುದೇ ಅದರಲ್ಲಿ, ಅಲ್ವಾ? ಓಡುತ್ತಿದ್ದ ಕರ್ನಲ್ ಉಳಿಸಿಕೊಂಡು ಅದಕ್ಕಿಂತ ಹಳೆಯವನ್ನು ಮಾತ್ರ ತೆಗೆದೆ. ಆಮೇಲೆ ಇನಿಟ್‌ರಾಮ್‌ಎಫ್‌ಎಸ್ ಮತ್ತೆ ತಯಾರಿಸಿ, ಗ್ರಬ್ ಅಪ್‌ಡೇಟ್ ಮಾಡಿ ರೀಸ್ಟಾರ್ಟ್ ಕೊಟ್ಟೆ. ಹೊಸ ಕರ್ನಲ್ ನೇರ ಲಾಗಿನ್ ಪರದೆಗೆ ಬಂತು.