ಗೋಡೌನ್ ಬಜೆಟ್: ನಾನು ಲೆಕ್ಕ ಹಾಕಿದ ರೀತಿ

ರಾಣೆಬೆನ್ನೂರು ಕಡೆ ನಮಗೆ ಹೊಲವೂ ಇದೆ, ಗೋವಿನಜೋಳದ ವ್ಯಾಪಾರವೂ ಇದೆ. ಬಾಡಿಗೆ ಕಟ್ಟಿ ಸಾಕಾಗಿ, 60 ಅಡಿ ಅಗಲ, 100 ಅಡಿ ಉದ್ದದ ಸ್ವಂತ ಗೋಡೌನ್ ಕಟ್ಟಿಸಿದೆ. ಎಲ್ಲರೂ ಮೊದಲು ಕೇಳುವುದು ‘ಚದರಡಿಗೆ ಎಷ್ಟು ಬಿತ್ತು?’ ಅಂತ. ಫ್ಯಾಬ್ರಿಕೇಟರ್, ಅಂದರೆ ಉಕ್ಕಿನ ಚೌಕಟ್ಟು ಮಾಡಿ ನಿಲ್ಲಿಸುವವರು, ಹೇಳುವ ದರದಲ್ಲಿ ಸಾಮಾನ್ಯವಾಗಿ ಕಂಬ, ತೊಲೆ, ಶೀಟು ಇಷ್ಟೇ ಇರುತ್ತದೆ. ಪಾಯ, ನೆಲ ಅಂತ ಅದರ ಕೆಳಗಿನದ್ದೆಲ್ಲ ಕಟ್ಟಿಸುವವರ ಪಾಲು. ಅದಕ್ಕೇ ನಾನು ನೆಲದಿಂದ ಲೆಕ್ಕ ಶುರು ಮಾಡಿದೆ.

ನಮ್ಮದು ಎರೆ ಭೂಮಿ. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ. ಹಾಗಾಗಿ ಮೊದಲು ಮಣ್ಣು ಪರೀಕ್ಷೆ. ಪಾಯ ಎಷ್ಟು ಆಳ ಅಂತ ಗೊತ್ತಾಗದೆ ಉಳಿದ ಯಾವ ಅಂಕಿಯನ್ನೂ ನಂಬುವ ಹಾಗಿಲ್ಲ. ಆಮೇಲೆ ನೆಲ ಎತ್ತರಿಸುವುದು. 6000 ಚದರಡಿಗೆ 3 ಅಡಿ ತುಂಬಲು 18,000 ಘನ ಅಡಿ, ಅಂದರೆ 180 ಬ್ರಾಸ್ (ಒಂದು ಬ್ರಾಸ್ 100 ಘನ ಅಡಿ) ಗರಸು ಬೇಕು. ರೋಲರ್ ಹೊಡೆದರೆ ಅದು ಕುಗ್ಗುತ್ತದೆ ಅಲ್ವಾ? ಕಾಲು ಭಾಗ ಜಾಸ್ತಿ ಹಿಡಿದು 225 ಬ್ರಾಸ್ ಬರೆದುಕೊಂಡೆ. ಮೇಲೆ 6 ಇಂಚು ಕಾಂಕ್ರೀಟ್‌ಗೆ 3000 ಘನ ಅಡಿ, ಹತ್ತಿರಹತ್ತಿರ 85 ಘನ ಮೀಟರ್. ನೆಲದ ತೇವ ಮೇಲೇರದಂತೆ ಅದರ ಕೆಳಗೆ ದಪ್ಪ ಪ್ಲಾಸ್ಟಿಕ್ ಹಾಳೆ. ದಯವಿಟ್ಟು ಇಲ್ಲಿ ಉಳಿತಾಯ ಮಾಡಬೇಡಿ. ತೇವ ಏರಿದರೆ ಅಟ್ಟಿಯ ಅಡಿಯ ಚೀಲಗಳಿಗೆ ಬೂಸ್ಟು ಹಿಡಿಯುತ್ತದೆ. ಆಮೇಲೆ ನೆಲ ಒಡೆದು ಸರಿಮಾಡುವುದು ಆಗದ ಮಾತು.

ತೆರಿಗೆಯನ್ನು ಪೂರ್ತಿ ಖರ್ಚಿಗೇ ಬರೆದೆ. ಉಕ್ಕಿಗೆ 18% ಜಿಎಸ್‌ಟಿ. ಸಿಮೆಂಟಿಗೆ 28% ಇದ್ದದ್ದು 2025ರ ಸೆಪ್ಟೆಂಬರ್ 22ರಿಂದ 18%ಗೆ ಇಳಿದಿದೆ. ಇನ್‌ಪುಟ್ ಕ್ರೆಡಿಟ್ (ಖರೀದಿಗೆ ಕಟ್ಟಿದ ಜಿಎಸ್‌ಟಿಯನ್ನು ಮಾರಾಟದ ಜಿಎಸ್‌ಟಿಯಲ್ಲಿ ಕಳೆದುಕೊಳ್ಳುವುದು) ಬರುತ್ತದೆ ಅಂತ ಕೆಲವು ವ್ಯಾಪಾರಿಗಳು ನೆಚ್ಚಿಕೊಂಡಿರುತ್ತಾರೆ. ಸ್ವಂತಕ್ಕೆ ಕಟ್ಟಿಸುವ ಕಟ್ಟಡಕ್ಕೆ ಅದು ಸಿಗುವುದಿಲ್ಲ, ಜಿಎಸ್‌ಟಿ ಕಾಯ್ದೆಯ 17(5) ಕಲಮು ತಡೆಯುತ್ತದೆ.

ಸಾಲ ತೆಗೆದುಕೊಂಡದ್ದು ಕೃಷಿ ಮೂಲಸೌಕರ್ಯ ನಿಧಿಯಲ್ಲಿ. ಅದರಲ್ಲಿ 2 ಕೋಟಿವರೆಗಿನ ಸಾಲಕ್ಕೆ 7 ವರ್ಷದ ತನಕ 3% ಬಡ್ಡಿ ರಿಯಾಯಿತಿ ಇದೆ. ಒಳ್ಳೆಯ ಯೋಜನೆ. ಆದರೆ ಬ್ಯಾಂಕು ಕೆಲಸ ನೋಡಿ ಕಂತಿನಲ್ಲಿ ದುಡ್ಡು ಬಿಡುತ್ತದೆ. ಫ್ಯಾಬ್ರಿಕೇಟರ್‌ಗೆ ಆರ್ಡರ್ ಜೊತೆ ಮುಂಗಡ, ಲಾರಿ ಹೊರಡುವ ಮುಂಚೆ ಬಾಕಿ ಕೊಡಬೇಕು. ಈ ನಡುವಿನ ಹಣ ಕೈಯಿಂದಲೇ ಬರಬೇಕು. ಒಟ್ಟು ಮೊತ್ತ ಸರಿಯಿದ್ದರೂ ಕೆಲಸ ನಿಲ್ಲುವುದು ಇಂಥ ಕಡೆಯೇ. ಯಾವ ತಿಂಗಳು ಎಷ್ಟು ಹೋಗುತ್ತದೆ, ಎಷ್ಟು ಬರುತ್ತದೆ ಅಂತ ಬೇರೆ ಹಾಳೆ ಮಾಡಿದ್ದೆ. ಕಟ್ಟುವಾಗಿನ ಬಡ್ಡಿಯನ್ನೂ ಅದರಲ್ಲೇ ಸೇರಿಸಿದ್ದೆ.

ಎನ್‌ಎ (ಹೊಲವನ್ನು ಕೃಷಿಯೇತರ ಜಾಗ ಮಾಡಿಸುವುದು), ನಕ್ಷೆ ಮಂಜೂರಾತಿ, ತ್ರೀ ಫೇಸ್ ಕರೆಂಟು, ಬೆಂಕಿ ಆರಿಸುವ ಸಾಮಾನು, ವಿಮೆ ಇವಕ್ಕೆಲ್ಲ ಒಂದೊಂದು ಸಾಲು. ಕೊನೆಗೆ, ಎಣಿಸದ ಖರ್ಚು ಬಂದರೆ ಇರಲಿ ಅಂತ 10% ಬೇರೆ ಇಟ್ಟೆ. ಅದರಲ್ಲಿ ದೊಡ್ಡ ಪಾಲು ಅಂಗಳಕ್ಕೆ ಹೋಯಿತು. ಎರೆ ಮಣ್ಣಿನಲ್ಲಿ ತುಂಬಿದ ಲಾರಿ ತಿರುಗಬೇಕಲ್ಲ, ಗೇಟಿನಿಂದ ಬಾಗಿಲ ತನಕ ಗರಸು, ಜಲ್ಲಿ ಹಾಕಿ ರೋಲರ್ ಹೊಡೆಸಿದೆವು.