ನೀರಿಗೆ ಬಿದ್ದವರನ್ನು ಸಣ್ಣ ದೋಣಿಗೆ ಎತ್ತಿಕೊಳ್ಳುವ ಬಗೆ

ಬಿದ್ದವರ ಹತ್ತಿರಕ್ಕೆ ದೋಣಿ ತಿರುಗಿಸಿ ತರುವುದನ್ನು ಬಹಳ ಜನ ಅಭ್ಯಾಸ ಮಾಡುತ್ತಾರೆ, ಎತ್ತುವುದನ್ನು ಮಾಡುವವರು ಕಡಿಮೆ. ನಾನು ಕಂಡಂತೆ ಕೆಲಸ ಕೆಡುವುದು ಅಲ್ಲೇ. ಕೈಗೆ ಕೈ ಸಿಕ್ಕಿರುತ್ತದೆ, ಆದರೆ ಒದ್ದೆ ಬಟ್ಟೆಯಲ್ಲಿರುವ 80 ಕಿಲೋ ತೂಕದವರು ಅರ್ಧ ಮೀಟರ್ ಎತ್ತರದ ಅಂಚು ದಾಟಿ ಒಳಗೆ ಬರುವುದಿಲ್ಲ. ಐದಾರು ಮೀಟರ್ ಉದ್ದದ, ಔಟ್‌ಬೋರ್ಡ್ ಎಂಜಿನ್ (ದೋಣಿಯ ಹಿಂಬದಿಗೆ ಹೊರಗಿನಿಂದ ಸಿಕ್ಕಿಸುವ ಎಂಜಿನ್) ಇರುವ ದೋಣಿಗಳಲ್ಲಿ ನಾವು ಪಾಲಿಸುವ ಕ್ರಮ ಇದು.

ಬಿದ್ದದ್ದನ್ನು ಕಂಡವರು ಕೂಗಬೇಕು, ಚುಕ್ಕಾಣಿ ಹಿಡಿದವರು ಆ ಕ್ಷಣವೇ ಗೇರನ್ನು ನ್ಯೂಟ್ರಲ್‌ಗೆ ತರಬೇಕು. ಬಲಕ್ಕೆ ಬಿದ್ದರೆ ದೋಣಿಯ ಮೂತಿಯನ್ನೂ ಬಲಕ್ಕೇ ತಿರುಗಿಸುತ್ತೇವೆ. ಆಗ ಹಿಂಭಾಗ ಎಡಕ್ಕೆ ಸರಿದು ಎಂಜಿನ್ನಿನ ಫ್ಯಾನು (ನೀರಿನೊಳಗೆ ತಿರುಗುವ ರೆಕ್ಕೆ) ಅವರಿಂದ ದೂರವಾಗುತ್ತದೆ. ಗಾಬರಿಯಲ್ಲಿ ಕೈ ತಾನಾಗಿ ಇದರ ಉಲ್ಟಾ ಮಾಡುತ್ತದೆ, ಅದಕ್ಕೇ ರೂಢಿ ಬೇಕು.

ಒಬ್ಬರಿಗೆ ಒಂದೇ ಕೆಲಸ: ಬಿದ್ದವರ ಕಡೆ ಕೈ ಚಾಚಿ ತೋರಿಸುತ್ತಾ ಇರುವುದು. ಅವರು ಹಗ್ಗ ಹುಡುಕಲು ಕೂಡ ತಲೆ ತಿರುಗಿಸಬಾರದು. 6 ನಾಟ್ ವೇಗದಲ್ಲಿ ದೋಣಿ ಸೆಕೆಂಡಿಗೆ 3 ಮೀಟರಿಗಿಂತ ಸ್ವಲ್ಪ ಹೆಚ್ಚು ಹೋಗುತ್ತದೆ, ಒಂದು ನಿಮಿಷಕ್ಕೆ 185 ಮೀಟರ್. ಅಷ್ಟು ದೂರದಲ್ಲಿ ಅಲೆಗಳ ನಡುವೆ ಒಂದು ತಲೆ ಕಾಣುವುದೇ ಕಷ್ಟ. ತೇಲುವ ವಸ್ತು ಯಾವುದು ಕೈಗೆ ಸಿಕ್ಕರೂ ಎಸೆಯಿರಿ. ಜಿಪಿಎಸ್‌ನಲ್ಲಿ ಗುರುತು ಹಾಕುವುದೂ ಬೇಕೇ ಬೇಕು, ಆದರೆ ಆ ಗುರುತು ನಿಂತಲ್ಲೇ ನಿಲ್ಲುತ್ತದೆ, ಮನುಷ್ಯ ನೀರಿನ ಸೆಳೆತದ ಜೊತೆ ಸಾಗುತ್ತಾ ಹೋಗುತ್ತಾನೆ. ಎಸೆದ ವಸ್ತು ಸೆಳೆತದ ಜೊತೆಗೇ ಹೋಗುವುದರಿಂದ ಹುಡುಕಲು ಅದೇ ಹೆಚ್ಚು ಉಪಯೋಗ. ಕಣ್ಣಿಗೆ ಮರೆಯಾದರೆ ಕಾಯಬೇಡಿ. ವಿಎಚ್‌ಎಫ್ ರೇಡಿಯೋ ಇದ್ದರೆ 16ನೇ ಚಾನೆಲ್‌ನಲ್ಲಿ ಮೇಡೇ (ಪ್ರಾಣಾಪಾಯದ) ಕರೆ ಕೊಡಿ.

ಮರಳಿ ಬರುವಾಗ ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ಎಂದು ನೋಡಿಕೊಂಡು, ಗಾಳಿಗೆ ಎದುರಾಗಿ ನಿಧಾನವಾಗಿ ಬರುತ್ತೇವೆ. ಹಗುರ ದೋಣಿಯನ್ನು ಗಾಳಿ ಬೇಗ ತಳ್ಳುತ್ತದೆ, ನೀರಿನಲ್ಲಿರುವವರನ್ನು ಅಷ್ಟು ತಳ್ಳುವುದಿಲ್ಲ. ಗಾಳಿ ಬರುವ ಕಡೆಯಿಂದ ಇಳಿದು ಬಂದರೆ ದೋಣಿ ಅವರ ಮೇಲೆಯೇ ಹೋಗಬಹುದು. ಎದುರಾಗಿ ಬಂದು ತಪ್ಪಿದರೆ ಗಾಳಿ ನಮ್ಮನ್ನು ಹಿಂದಕ್ಕೆ ತರುತ್ತದೆ, ಇನ್ನೊಂದು ಸುತ್ತು ಹಾಕಿದರಾಯಿತು. ಚುಕ್ಕಾಣಿ ಹಿಡಿದವರ ಪಕ್ಕಕ್ಕೇ ಅವರು ಬರುವಂತೆ ನೋಡಿಕೊಳ್ಳಿ, ಮೂತಿಯ ಮರೆಗೆ ಹೋಗಬಾರದು. ಕೈಗೆ ಸಿಕ್ಕ ಕೂಡಲೇ ಎಂಜಿನ್ ಆಫ್. ನ್ಯೂಟ್ರಲ್ ಸಾಲದು, ಎತ್ತುವ ಗಡಿಬಿಡಿಯಲ್ಲಿ ಯಾರದೋ ಮೊಣಕೈ ತಾಗಿ ಗೇರ್ ಬೀಳಬಹುದು.

ದೂರದಿಂದ ಎಸೆಯಲು 15ರಿಂದ 20 ಮೀಟರ್ ಉದ್ದದ ತೇಲುವ ಪಾಲಿಪ್ರೊಪಿಲೀನ್ ಹಗ್ಗ ಇಟ್ಟುಕೊಳ್ಳುತ್ತೇವೆ. ಅವರನ್ನು ದಾಟಿ ಆಚೆ ಬೀಳುವಂತೆ ಎಸೆದು ಎಳೆದುಕೊಂಡರೆ ಹಗ್ಗ ಅವರ ಕೈಗೆ ಬರುತ್ತದೆ. ಎಂಜಿನ್ ಓಡುತ್ತಿರುವಾಗ ಸಡಿಲ ಹಗ್ಗ ನೀರಿನಲ್ಲಿ ಇರಬಾರದು, ಫ್ಯಾನಿಗೆ ಸುತ್ತಿಕೊಂಡರೆ ಇಬ್ಬರಿಗೂ ಅಪಾಯ.

ಇನ್ನು ಎತ್ತುವುದು. ಮೊದಲು ಅವರನ್ನು ದೋಣಿಗೆ ಕಟ್ಟಿಕೊಳ್ಳಿ. ಕಂಕುಳ ಕೆಳಗೆ ಹಗ್ಗ ಸುತ್ತಿ ಬೋಲೈನ್ ಗಂಟು, ಅಂದರೆ ಎಳೆದರೂ ಕುಣಿಕೆ ಬಿಗಿಯದ ಗಂಟು. ಎಳೆದಂತೆ ಬಿಗಿಯುವ ಕುಣಿಕೆ ಬೇಡ, ಎದೆ ಹಿಸುಕಿ ಉಸಿರು ಕಟ್ಟುತ್ತದೆ. ಕಟ್ಟಿದ ಮೇಲೆ ದಣಿದ ಕೈ ಜಾರಿದರೂ ಮತ್ತೆ ಹುಡುಕಬೇಕಾಗಿಲ್ಲ. ಎಲ್ಲರೂ ಒಂದೇ ಬದಿಗೆ ಬಂದರೆ ದೋಣಿ ಮಗುಚುತ್ತದೆ, ಆದ್ದರಿಂದ ಉಳಿದವರು ಎದುರು ಬದಿಯಲ್ಲಿ ತಳದಲ್ಲೇ ಕೂರಬೇಕು.

ಅಂಚು ತಗ್ಗಿದ್ದು ಇಬ್ಬರು ಎತ್ತುವವರಿದ್ದರೆ, ಬಿದ್ದವರ ಬೆನ್ನನ್ನು ದೋಣಿಯ ಕಡೆಗೆ ತಿರುಗಿಸಿ ಲೈಫ್ ಜಾಕೆಟ್ಟಿನ ಭುಜದ ಪಟ್ಟಿ ಹಿಡಿಯುತ್ತೇವೆ. ಎಣಿಸಿ ಒಮ್ಮೆ ಕೆಳಕ್ಕೆ ಅದುಮಿ ಬಿಟ್ಟರೆ ಜಾಕೆಟ್ ಅವರನ್ನು ಮೇಲಕ್ಕೆ ಚಿಮ್ಮಿಸುತ್ತದೆ, ಆ ಚಿಮ್ಮುವಿಕೆಯಲ್ಲೇ ಎಳೆದು ಅಂಚಿನ ಮೇಲೆ ಕೂರಿಸಬೇಕು. ಬಾಯಿ ನೀರಿನೊಳಗೆ ಹೋಗುವಷ್ಟು ಅದುಮಬೇಡಿ. ಮುಖ ದೋಣಿಯ ಕಡೆ ಇದ್ದರೆ ಜಾಕೆಟ್ಟಿನ ಉಬ್ಬು ಅಂಚಿಗೆ ಸಿಕ್ಕಿಕೊಳ್ಳುತ್ತದೆ. ತೊಡೆಸಂದಿನ ಪಟ್ಟಿ ಹಾಕದ ಜಾಕೆಟ್ ತಲೆಯಿಂದ ಕಳಚಿ ಬರುತ್ತದೆ, ಅದಕ್ಕೇ ಸೊಂಟದ ಬೆಲ್ಟನ್ನೂ ಹಿಡಿಯಬೇಕು.

ಒಬ್ಬರೇ ಎತ್ತಬೇಕಾದರೆ ನನಗೆ ಹೆಚ್ಚು ನಂಬಿಕೆ ಇರುವುದು ಬಲೆಯ ಮೇಲೆ. ಸುಮಾರು 2 ಮೀಟರ್ ಉದ್ದ, 2 ಮೀಟರ್ ಅಗಲದ ಗಟ್ಟಿ ಬಲೆ. ಒಂದು ಅಂಚನ್ನು ದೋಣಿಯ ಒಳಗೆ ಎರಡು ಕಡೆ ಕಟ್ಟಿ, ಇನ್ನೊಂದು ಅಂಚಿನ ಎರಡು ಮೂಲೆಗೂ ಹಗ್ಗ ಹಾಕಿ, ನಡುಭಾಗವನ್ನು ನೀರಿಗೆ ಬಿಡುತ್ತೇವೆ. ಅವರನ್ನು ದೋಣಿಗೆ ಸಮಾನಾಂತರವಾಗಿ ಅದರೊಳಗೆ ತೇಲಿಸಿ ತಂದು ಎರಡೂ ಹಗ್ಗಗಳನ್ನು ಎಳೆದರೆ ಅವರು ಉರುಳುತ್ತಾ ಮೇಲೆ ಬರುತ್ತಾರೆ. ಒಂದು ಅಂಚು ದೋಣಿಗೇ ಕಟ್ಟಿರುವುದರಿಂದ ನಮ್ಮ ಕೈಗೆ ಸುಮಾರು ಅರ್ಧ ಭಾರವೇ ಬೀಳುತ್ತದೆ. ಕೈಗಳನ್ನು ಎದೆಯ ಮೇಲೆ ಮಡಿಸಿಡಿ, ಇಲ್ಲದಿದ್ದರೆ ತೋಳು ದೋಣಿಗೂ ಮೈಗೂ ನಡುವೆ ಸಿಕ್ಕಿ ತಿರುಚುತ್ತದೆ. ಟಾರ್ಪಾಲು ಬಳಸಿದರೆ ನೀರು ತುಂಬಿ ಎಳೆಯಲಾಗದು.

ಬಹಳ ಹೊತ್ತು, ಅದರಲ್ಲೂ ತಣ್ಣೀರಿನಲ್ಲಿ ಇದ್ದವರಿಗೆ ಈ ಮಲಗಿದ ಭಂಗಿಯಿಂದ ಇನ್ನೊಂದು ಲಾಭ. ನೀರಿನ ಒತ್ತಡ ಕಾಲುಗಳಿಂದ ರಕ್ತವನ್ನು ಮೇಲಕ್ಕೆ ತಳ್ಳುತ್ತಿರುತ್ತದೆ. ನೆಟ್ಟಗೆ ಎತ್ತಿದಾಗ ಆ ಒತ್ತಡ ತಪ್ಪಿ ರಕ್ತ ಕಾಲಿಗಿಳಿದು, ಅವರು ಕುಸಿಯಬಹುದು. ಆದರೆ ಮುಖ ನೀರಿನಲ್ಲಿದೆ, ಉಸಿರಾಟ ಕಾಣುತ್ತಿಲ್ಲ ಎಂದಾದರೆ ಭಂಗಿ ನೋಡುತ್ತಾ ಕೂರಬೇಡಿ, ಹೇಗಾದರೂ ಎತ್ತಿ.

ಎಚ್ಚರವಿದ್ದು ಬಲವಿರುವವರಿಗೆ ಮೆಟ್ಟಿಲು ಸಾಕು. ಹಗ್ಗದ ಮೆಟ್ಟಿಲಾದರೆ ಕೊನೆಯ ಕುಣಿಕೆ ನೀರಿನಿಂದ 60 ಸೆಂಟಿಮೀಟರ್ ಕೆಳಗಿರಬೇಕು. ಕುಣಿಕೆಯೊಳಗೆ ಪೈಪಿನ ತುಂಡು ಪೋಣಿಸಿದರೆ ಕಾಲಿಡಲು ಬಾಯಿ ತೆರೆದಿರುತ್ತದೆ. ಅಷ್ಟಾದರೂ ಕಾಲು ದೋಣಿಯ ಅಡಿಗೆ ಜಾರುತ್ತದೆ, ಗಟ್ಟಿ ಏಣಿಯೇ ಮೇಲು. ಒಬ್ಬರೇ ಹೋಗುವ ದೋಣಿಯಲ್ಲಿ ಅದನ್ನು ನೀರಿನಲ್ಲಿದ್ದುಕೊಂಡೇ ಎಳೆದು ಇಳಿಸುವಂತಿರಬೇಕು, ಕಿಲ್ ಸ್ವಿಚ್ಚಿನ ಬಳ್ಳಿ (ಕಿತ್ತರೆ ಎಂಜಿನ್ ನಿಲ್ಲಿಸುವ ಬಳ್ಳಿ) ಮೈಗೆ ಕಟ್ಟಿರಲೇಬೇಕು.

ದೋಣಿ ತರುವ ಅಭ್ಯಾಸಕ್ಕೆ 20 ಲೀಟರ್ ಕ್ಯಾನಿನಲ್ಲಿ ಮುಕ್ಕಾಲು ನೀರು ತುಂಬಿ ಬಿಡುತ್ತೇವೆ. ಖಾಲಿ ಕ್ಯಾನ್ ಗಾಳಿಗೆ ಓಡಿ ತಪ್ಪು ಪಾಠ ಕಲಿಸುತ್ತದೆ. ಎತ್ತುವ ಅಭ್ಯಾಸ ಮಾತ್ರ ಜಾಕೆಟ್ ತೊಟ್ಟ ಮನುಷ್ಯರೊಂದಿಗೇ, ನಿಂತ ನೀರಿನಲ್ಲಿ, ಎಂಜಿನ್ ಆಫ್ ಮಾಡಿ.

ಮೇಲೆ ಬಂದವರನ್ನು ಮಲಗಿಸಿ, ಒದ್ದೆ ಬಟ್ಟೆ ತೆಗೆದು, ಒಣ ಹೊದಿಕೆ ಹೊದಿಸಿ. ಕೈಕಾಲು ತಿಕ್ಕಬೇಡಿ, ಮದ್ಯ ಕೊಡಬೇಡಿ. ನೀರು ಕುಡಿದು ಕೆಮ್ಮುತ್ತಿದ್ದರೆ, ಚೆನ್ನಾಗಿದ್ದೇನೆ ಎಂದು ಅವರೇ ಹೇಳಿದರೂ ನೇರ ಆಸ್ಪತ್ರೆಗೆ ಕರೆದೊಯ್ಯಿರಿ. ಶ್ವಾಸಕೋಶಕ್ಕೆ ಹೋದ ನೀರಿನ ತೊಂದರೆ ಕೆಲವು ಗಂಟೆಗಳ ನಂತರವೂ ಹೆಚ್ಚಾಗಬಹುದು.