ಚಾಪ್ಟರ್ 7 ದಿವಾಳಿಯ ನಂತರ ಅಮೆರಿಕದ ಮನೆ ಸಾಲ ರಿಫೈನಾನ್ಸ್ ಮಾಡಿಸುವುದು ಹೇಗೆ

ಚಾಪ್ಟರ್ 7 ಎಂದರೆ ಕಟ್ಟಲಾಗದ ಸಾಲಗಳ ಹೊಣೆಯನ್ನು ಕೋರ್ಟು ಅಳಿಸುವ ದಿವಾಳಿ; ರಿಫೈನಾನ್ಸ್ ಎಂದರೆ ಹೊಸ ಸಾಲ ತೆಗೆದು ಹಳೆಯದನ್ನು ತೀರಿಸುವುದು. ಮೊದಲು ಡಿಸ್ಚಾರ್ಜ್ ಆದೇಶವನ್ನು, ಅಂದರೆ ಸಾಲಗಳಿಂದ ನಿಮ್ಮನ್ನು ಬಿಡುಗಡೆ ಮಾಡಿದ ಕೋರ್ಟಿನ ಆದೇಶವನ್ನು, ಹುಡುಕಿ ತೆಗೆಯಿರಿ. ದಿವಾಳಿ ಅರ್ಜಿ ಹಾಕಿದ ದಿನ ಲೆಕ್ಕಕ್ಕಿಲ್ಲ, ಡಿಸ್ಚಾರ್ಜ್ ಆದ ದಿನದಿಂದಲೇ ಎಣಿಕೆ ಶುರು. ಚಾಪ್ಟರ್ 7 ಆಗಿದ್ದರೆ ಎಫ್‌ಎಚ್‌ಎ ಮತ್ತು ವಿಎ ಸಾಲಗಳಿಗೆ (ಮೊದಲನೆಯದು ಸರ್ಕಾರ ವಿಮೆ ಕೊಡುವ ಸಾಲ, ಎರಡನೆಯದು ಸೈನಿಕರು, ಮಾಜಿ ಸೈನಿಕರಿಗೆ ಸರ್ಕಾರ ಖಾತರಿ ನಿಲ್ಲುವ ಸಾಲ) 2 ವರ್ಷ, ಕನ್ವೆನ್ಷನಲ್ ಸಾಲಕ್ಕೆ, ಅಂದರೆ ಅಂಥ ಸರ್ಕಾರಿ ವಿಮೆ, ಖಾತರಿ ಇಲ್ಲದೆ ಫ್ಯಾನಿ ಮೇ (ಬ್ಯಾಂಕುಗಳಿಂದ ಮನೆ ಸಾಲ ಕೊಳ್ಳುವ ಸಂಸ್ಥೆ) ನಿಯಮದಂತೆ ಕೊಡುವ ಸಾಲಕ್ಕೆ, 4 ವರ್ಷ ಕಾಯಬೇಕು. ಹಿಂದಿನ 7 ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಸಲ ಅರ್ಜಿ ಹಾಕಿದ್ದರೆ ಅದೇ 4 ವರ್ಷ 5 ಆಗುತ್ತದೆ. ದಿವಾಳಿಗೆ ಕಾರಣ ನಿಮ್ಮ ಕೈಮೀರಿದ್ದು ಎಂದು ಆಸ್ಪತ್ರೆ ಬಿಲ್ಲಿನಂಥ ದಾಖಲೆಯಿಂದ ತೋರಿಸಿದರೆ ಕನ್ವೆನ್ಷನಲ್‌ಗೂ 2 ವರ್ಷಕ್ಕೆ ಅವಕಾಶ ಉಂಟು, ಆದರೆ ಅದನ್ನು ಒಪ್ಪಿಸುವುದು ಸುಲಭವಲ್ಲ. ಕನ್ವೆನ್ಷನಲ್‌ನಲ್ಲಿ ಈ ಅವಧಿಯನ್ನು ಹೊಸ ಸಾಲದ ಹಣ ಬಿಡುಗಡೆಯಾಗುವ ದಿನದವರೆಗೆ ಎಣಿಸುವುದರಿಂದ, ಒಂದೂವರೆ ತಿಂಗಳು ಮೊದಲೇ ಅರ್ಜಿ ಕೊಡಬಹುದು. ಎಫ್‌ಎಚ್‌ಎಯಲ್ಲಿ ಸಾಲದ ಅರ್ಜಿಗೆ ಕೇಸ್ ನಂಬರ್ ತೆಗೆಯುವ ದಿನಕ್ಕೇ 2 ವರ್ಷ ತುಂಬಿರಬೇಕು.

ಎಚ್-1ಬಿಯಲ್ಲಿರುವವರು ಇನ್ನೊಂದನ್ನು ಗಮನಿಸಬೇಕು. 2025ರ ಮೇ 25ರಿಂದ ಗ್ರೀನ್ ಕಾರ್ಡ್ ಇಲ್ಲದ ವಿದೇಶೀಯರಿಗೆ ಹೊಸ ಎಫ್‌ಎಚ್‌ಎ ಸಾಲ ಮುಚ್ಚಿಹೋಗಿದೆ. ಅಂಥವರಿಗೆ ಉಳಿದಿರುವುದು ಹೆಚ್ಚುಕಡಿಮೆ ಕನ್ವೆನ್ಷನಲ್ ದಾರಿಯೇ.

ಬಾಗಿಲು ತೆರೆದ ಕೂಡಲೇ ನುಗ್ಗಬೇಕೇ? ಲೋನ್ ಏಜೆಂಟ್‌ಗಳು ಹೇಳದ ವಿಷಯವೊಂದು ಇಲ್ಲಿದೆ. ದಿವಾಳಿಯ ಸಮಯದಲ್ಲಿ ನೀವು ರೀಅಫರ್ಮೇಷನ್ ಒಪ್ಪಂದಕ್ಕೆ (ದಿವಾಳಿಯ ನಂತರವೂ ಈ ಸಾಲಕ್ಕೆ ನಾನೇ ಹೊಣೆ ಎಂದು ಬರೆದುಕೊಡುವುದು) ಸಹಿ ಹಾಕದೆ ಬರೀ ಕಂತು ಕಟ್ಟಿಕೊಂಡು ಬಂದಿದ್ದರೆ, ಆ ಸಾಲಕ್ಕೆ ನೀವು ಖುದ್ದಾಗಿ ಹೊಣೆಯಲ್ಲ. ಕಂತು ನಿಂತರೆ ಬ್ಯಾಂಕು ಮನೆ ತೆಗೆದುಕೊಳ್ಳಬಹುದು, ಅಷ್ಟೇ. ಹರಾಜಿನಲ್ಲಿ ಕಡಿಮೆ ಬಿದ್ದ ಹಣಕ್ಕೆ ನಿಮ್ಮ ಸಂಬಳಕ್ಕೆ ಕೈಹಾಕುವಂತಿಲ್ಲ. ರಿಫೈನಾನ್ಸ್ ಮಾಡಿಸಿದ ದಿನ ಆ ರಕ್ಷಣೆ ಹೋಗುತ್ತದೆ. ಅದು ಹೊಸ ಸಾಲ, ಅದರ ಪತ್ರಕ್ಕೆ ಹೊಸದಾಗಿ ಸಹಿ ಹಾಕುತ್ತೀರಿ. ಕೆಲಸ ಗಟ್ಟಿಯಿಲ್ಲದವರು, ಮನೆಯ ಬೆಲೆ ಸಾಲಕ್ಕಿಂತ ಹೆಚ್ಚೇನೂ ಇಲ್ಲದವರು ನೂರು ಡಾಲರ್ ಉಳಿತಾಯಕ್ಕೆ ಇದನ್ನು ಬಿಟ್ಟುಕೊಡಬಾರದು.

ಉಳಿತಾಯದ ಲೆಕ್ಕವನ್ನೂ ಬಿಡಿಸಿ ನೋಡಿ. ಬಾಕಿ 3,20,000 ಡಾಲರ್, ಈಗಿನ ಸಾಲ ಕನ್ವೆನ್ಷನಲ್, ಬಡ್ಡಿ 7.25ರಿಂದ 6.25ಕ್ಕೆ ಇಳಿಯುತ್ತದೆ ಎನ್ನಿ. ಸುಲಭಕ್ಕೆ ಎರಡನ್ನೂ 30 ವರ್ಷಕ್ಕೆ ಹಿಡಿದರೆ ಕಂತು ಸುಮಾರು 2,183ರಿಂದ 1,970 ಡಾಲರಿಗೆ ಬರುತ್ತದೆ, ತಿಂಗಳಿಗೆ 213 ಉಳಿತಾಯ. ಕ್ಲೋಸಿಂಗ್ ಖರ್ಚು (ಹೊಸ ಸಾಲ ಪಕ್ಕಾ ಮಾಡುವಾಗ ತೆರುವ ಶುಲ್ಕಗಳು) 8,000 ಆದರೆ 38 ತಿಂಗಳಲ್ಲಿ ಆ ಖರ್ಚು ಗಿಟ್ಟಿತು. ಇದನ್ನೇ 2 ವರ್ಷಕ್ಕೆ ಅವಸರಪಟ್ಟು ಎಫ್‌ಎಚ್‌ಎಯಲ್ಲಿ ಮಾಡಿಸಿದರೆ, ಮೊದಲಿಗೇ 1.75 ಪರ್ಸೆಂಟ್ ವಿಮೆ, ಅಂದರೆ 5,600 ಡಾಲರ್, ಸಾಲಕ್ಕೆ ಸೇರಿ ಕಂತು 34 ಏರುತ್ತದೆ. ಅದರ ಮೇಲೆ ವರ್ಷಕ್ಕೆ ಅರ್ಧ ಪರ್ಸೆಂಟ್ ವಿಮೆ, ತಿಂಗಳಿಗೆ ಸುಮಾರು 133. ಕೈಯಲ್ಲಿ ಉಳಿಯುವುದು 46 ಡಾಲರ್, ಖರ್ಚು ಹುಟ್ಟಲು 14 ವರ್ಷ ದಾಟುತ್ತದೆ. ಇಂಥವರು 4 ವರ್ಷ ತುಂಬುವವರೆಗೆ ಸುಮ್ಮನಿರುವುದೇ ಮೇಲು. ಈಗಿನ ಸಾಲವೇ ಎಫ್‌ಎಚ್‌ಎ ಆಗಿದ್ದರೆ ಮಾತು ಬೇರೆ: ಸ್ಟ್ರೀಮ್‌ಲೈನ್ ರಿಫೈನಾನ್ಸ್‌ಗೆ (ಕಾಗದಪತ್ರ ಕಡಿಮೆ ಕೇಳುವ ಸರಳ ದಾರಿ) ಮನೆಯ ಮೌಲ್ಯಮಾಪನ ಬೇಕಿಲ್ಲ, ಈಗಿನ ಸಾಲ ಪಡೆದು 210 ದಿನ ಕಳೆದು, 6 ಕಂತು ಕಟ್ಟಿ ಆಗಿರಬೇಕು.

ಕಾಯುವ ಅವಧಿಯಲ್ಲಿ ಮಾಡುವ ಕೆಲಸ ಕ್ರೆಡಿಟ್ ರಿಪೋರ್ಟಿನದು. ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಟ್ರಾನ್ಸ್‌ಯೂನಿಯನ್ ಮೂರೂ ಬ್ಯೂರೋಗಳ ರಿಪೋರ್ಟ್ ತೆಗೆಸಿ, ಒಂದೊಂದು ಸಾಲವನ್ನೂ ಬೆರಳಿಟ್ಟು ನೋಡಿ. ದಿವಾಳಿಯಲ್ಲಿ ಸೇರಿದ ಕಾರ್ಡುಗಳ ಬಾಕಿ ಸೊನ್ನೆ ಇರಬೇಕು. "ಚಾರ್ಜ್ಡ್ ಆಫ್, ಬಾಕಿ 6,400" (ವಸೂಲಾಗದ ಸಾಲ) ಎಂದು ಇನ್ನೂ ನಿಂತಿದ್ದರೆ ಡಿಸ್ಚಾರ್ಜ್ ಆದೇಶದ ಪ್ರತಿ ಲಗತ್ತಿಸಿ ತಕರಾರು ಹಾಕಿ. ಬ್ಯೂರೋ ಸಾಮಾನ್ಯವಾಗಿ 30 ದಿನದಲ್ಲಿ ವಿಚಾರಿಸಬೇಕು. ಇದೆಲ್ಲ ಅರ್ಜಿಗೆ ಮೊದಲೇ ಮುಗಿಯಲಿ, ತಕರಾರು ತೆರೆದಿರುವಾಗ ಸಾಲದ ಅರ್ಜಿ ಪರಿಶೀಲಿಸುವ ಅಂಡರ್‌ರೈಟರ್ ಫೈಲನ್ನು ಪಕ್ಕಕ್ಕಿಡುತ್ತಾರೆ. ಫೋನಿನ ಉಚಿತ ಆ್ಯಪ್ ತೋರಿಸುವ ಸ್ಕೋರನ್ನು ನಂಬಿ ಹೋಗಬೇಡಿ. ಮನೆ ಸಾಲಕ್ಕೆ ನೋಡುವ ಫೈಕೋ ಎಂಬ ಸ್ಕೋರ್ ಬೇರೆ, ಮೂರು ಸ್ಕೋರುಗಳಲ್ಲಿ ನಡುವಿನದನ್ನು ಹಿಡಿಯುತ್ತಾರೆ.

ರೀಅಫರ್ಮ್ ಮಾಡದವರಿಗೆ ಇಲ್ಲೊಂದು ತೊಡಕು. ನೀವು ಒಂದು ದಿನವೂ ತಪ್ಪದೆ ಕಟ್ಟಿದ ಕಂತುಗಳು ಸಾಮಾನ್ಯವಾಗಿ ರಿಪೋರ್ಟಿನಲ್ಲಿ ಕಾಣುವುದೇ ಇಲ್ಲ. ಡಿಸ್ಚಾರ್ಜ್ ಆದ ಮೇಲೆ ರೀಅಫರ್ಮ್ ಮಾಡಲು ಬರುವುದೂ ಇಲ್ಲ. ಹಾಗಾಗಿ ಕಂತು ವಸೂಲಿ ಮಾಡುವ ಈಗಿನ ಸರ್ವೀಸರ್‌ನಿಂದ 24 ತಿಂಗಳ ಪಾವತಿ ವಿವರ ಪಡೆದು, ಪ್ರತಿ ಕಂತು ಖಾತೆಯಿಂದ ಹೋದದ್ದು ಕಾಣುವ ಬ್ಯಾಂಕ್ ಸ್ಟೇಟ್‌ಮೆಂಟ್‌ಗಳನ್ನು ಜೋಡಿಸಿಡಿ.

ಡಿಸ್ಚಾರ್ಜ್ ಆದೇಶದ ಜೊತೆ ದಿವಾಳಿ ಅರ್ಜಿಯಲ್ಲಿ ಆಸ್ತಿ, ಸಾಲಗಳನ್ನು ಪಟ್ಟಿ ಮಾಡಿದ ಎಲ್ಲ ಶೆಡ್ಯೂಲ್‌ಗಳನ್ನೂ ಕೇಳುವುದುಂಟು; ಕೋರ್ಟಿನ ಪೇಸರ್ ಎಂಬ ಆನ್‌ಲೈನ್ ದಾಖಲೆ ವ್ಯವಸ್ಥೆಯಲ್ಲಿ ಸಿಗುತ್ತವೆ. ಊರಲ್ಲಿ ಜಮೀನು, ಮೈಸೂರಿನಲ್ಲೋ ಬೆಂಗಳೂರಿನಲ್ಲೋ ಸೈಟು ಇರುವವರು ಇಲ್ಲೇ ಎಡವುವುದು. ಆಸ್ತಿ ಯಾವ ದೇಶದಲ್ಲಿದ್ದರೂ ಶೆಡ್ಯೂಲ್‌ನಲ್ಲಿ ಇರಲೇಬೇಕಿತ್ತು. ಅಲ್ಲಿ ಬಿಟ್ಟ ಸೈಟನ್ನು ಈಗ ಸಾಲದ ಅರ್ಜಿಯಲ್ಲಿ ತೋರಿಸಿದರೆ ಎರಡು ಕಾಗದ ತಾಳೆಯಾಗುವುದಿಲ್ಲ, ತೋರಿಸದಿದ್ದರೆ ಎರಡನೇ ಸುಳ್ಳು. ಇಂಥ ಸಂದರ್ಭದಲ್ಲಿ ದಿವಾಳಿ ವಕೀಲರನ್ನು ಕಾಣದೆ ಯಾವ ಅರ್ಜಿಗೂ ಸಹಿ ಹಾಕಬೇಡಿ. ಕ್ಲೋಸಿಂಗ್‌ಗೆ ಅಪ್ಪ ಅಮ್ಮ ಹಣ ಕಳಿಸುವುದಾದರೆ ವಾಪಸ್ ಕೊಡಬೇಕಿಲ್ಲ ಎಂಬ ಗಿಫ್ಟ್ ಲೆಟರ್, ಅವರ ಖಾತೆಯಿಂದ ನಿಮ್ಮ ಖಾತೆಗೆ ಬಂದ ದಾಖಲೆ ಎರಡೂ ಬೇಕು.

ಕೊನೆ ಗಳಿಗೆಯಲ್ಲಿ ಕೆಲಸ ಕೆಡಿಸುವುದು ಟೈಟಲ್ ಸರ್ಚ್, ಅಂದರೆ ಮನೆಯ ಒಡೆತನದ ದಾಖಲೆಗಳ ತಪಾಸಣೆ. ಡಿಸ್ಚಾರ್ಜ್ ನಿಮ್ಮ ಹೊಣೆಯನ್ನು ಅಳಿಸುತ್ತದೆ, ಮನೆಯ ಮೇಲೆ ಆಗಲೇ ದಾಖಲಾಗಿದ್ದ ಲೀನ್ (ಸಾಲ ಕೊಟ್ಟವರ ಹಕ್ಕು) ಅನ್ನು ತಾನಾಗಿ ಅಳಿಸುವುದಿಲ್ಲ. ಕಾರ್ಡ್ ಕಂಪನಿ ದಿವಾಳಿಗೆ ಮೊದಲೇ ಕೋರ್ಟಿನಿಂದ ತೀರ್ಪು ಪಡೆದಿದ್ದರೆ ಅದು ಅಲ್ಲೇ ಕೂತಿರಬಹುದು. ತೆಗೆಸಲು ದಿವಾಳಿ ಕೋರ್ಟಿನಲ್ಲಿ ಪ್ರತ್ಯೇಕ ಅರ್ಜಿ (ಮೋಷನ್) ಹಾಕಬೇಕಾದೀತು, ಕೇಸನ್ನು ಮತ್ತೆ ತೆರೆಸಬೇಕಾದೀತು. ಅದಕ್ಕೇ ಮೊದಲೇ ಕೌಂಟಿ ದಾಖಲೆ ನೋಡಿಕೊಳ್ಳಿ. ಮನೆಯ ಮೇಲೆ ಎರಡನೇ ಸಾಲ ಇದ್ದರೆ, ಹೊಸ ಸಾಲದ ಹಿಂದೆಯೇ ನಿಲ್ಲುತ್ತೇವೆ ಎಂಬ ಆ ಬ್ಯಾಂಕಿನ ಸಬಾರ್ಡಿನೇಷನ್ ಒಪ್ಪಿಗೆಗೆ ವಾರಗಟ್ಟಲೆ ಹಿಡಿಯುತ್ತದೆ.

ಚಾಪ್ಟರ್ 13ರವರು, ಅಂದರೆ ಕೋರ್ಟು ಒಪ್ಪಿದ ಪ್ಲಾನಿನಂತೆ ವರ್ಷಗಟ್ಟಲೆ ಸಾಲ ತೀರಿಸುವ ದಿವಾಳಿಯವರು, ಆ ಪ್ಲಾನ್ ನಡೆಯುತ್ತಿರುವಾಗಲೇ, 12 ತಿಂಗಳು ಸರಿಯಾಗಿ ಕಟ್ಟಿದ್ದು ಕೋರ್ಟಿನ ಒಪ್ಪಿಗೆ ಸಿಕ್ಕರೆ, ಎಫ್‌ಎಚ್‌ಎ ರಿಫೈನಾನ್ಸ್ ಕೇಳಬಹುದು. ಕನ್ವೆನ್ಷನಲ್‌ಗೆ ಡಿಸ್ಚಾರ್ಜ್ ಆಗಿ 2 ವರ್ಷ, ಕೇಸ್ ವಜಾ ಆಗಿದ್ದರೆ 4 ವರ್ಷ.

ಮೂರು ಕಡೆ ಅರ್ಜಿ ಕೊಟ್ಟು, ಎಲ್ಲವನ್ನೂ 14 ದಿನದೊಳಗೆ ಮುಗಿಸಿ. ಸ್ಕೋರಿನ ಲೆಕ್ಕದಲ್ಲಿ ಮೂರೂ ಸೇರಿ ಒಂದೇ ಕ್ರೆಡಿಟ್ ವಿಚಾರಣೆಯಾಗುತ್ತದೆ. ಬಡ್ಡಿ, ಖರ್ಚು ತೋರಿಸುವ ಲೋನ್ ಎಸ್ಟಿಮೇಟ್ 3 ಕೆಲಸದ ದಿನದಲ್ಲಿ ಬರಬೇಕು. ಎರಡನೇ ಪುಟದ 'ಎ' ವಿಭಾಗದಲ್ಲಿ ಪಾಯಿಂಟ್ಸ್ (ಬಡ್ಡಿ ಇಳಿಸಲು ಮೊದಲೇ ಕಟ್ಟುವ ಹಣ) ಎಷ್ಟು ಎಂದು ನೋಡಿ, ಕಡಿಮೆ ಬಡ್ಡಿಯ ಗುಟ್ಟು ಹೆಚ್ಚಾಗಿ ಅಲ್ಲೇ ಇರುತ್ತದೆ. ವಾಸದ ಮನೆಯಾದರೆ ಸಹಿ ಹಾಕಿದ ಮೇಲೂ 3 ಕೆಲಸದ ದಿನ ರದ್ದು ಮಾಡುವ ಹಕ್ಕಿದೆ. ಹಳೆಯ ಸಾಲ ತೀರಿತೆಂದು ಖಚಿತವಾಗುವವರೆಗೆ ಅದರ ಆಟೋಪೇ ನಿಲ್ಲಿಸಬೇಡಿ. ಹಳೆಯ ಎಸ್ಕ್ರೋದಲ್ಲಿ (ಮನೆ ತೆರಿಗೆ, ವಿಮೆಗೆಂದು ಹಣ ಎತ್ತಿಡುವ ಖಾತೆ) ಉಳಿದ ಹಣ 20 ಕೆಲಸದ ದಿನದೊಳಗೆ ವಾಪಸ್ ಬರಬೇಕು, ಆದರೆ ಹೊಸ ಎಸ್ಕ್ರೋಗೆ ಕ್ಲೋಸಿಂಗ್ ದಿನವೇ ತುಂಬಬೇಕಾಗುತ್ತದೆ. ಅಷ್ಟು ನಗದು ಬೇರೆಯಾಗಿ ಇಟ್ಟುಕೊಂಡಿರಿ.